ಧೂಳು ಎದ್ದಾಗ ಮೆಷಿನ್‌ಗೆ ಏನು ಕಾಣತ್ತೆ? ಡ್ರೈವರ್ ಇಲ್ಲದ ಗಣಿ ಯಂತ್ರಗಳ ಕಣ್ಣಿನ ಬಗ್ಗೆ

ಎಲ್ರಿಗೂ ನಮಸ್ಕಾರ. ಇಂಜಿನಿಯರಿಂಗ್ ಸ್ಟೂಡೆಂಟ್ಸ್ ಮತ್ತೆ ಈ ವಿಷಯದಲ್ಲಿ ಆಸಕ್ತಿ ಇರೋ ಕೆಲವರ ಮುಂದೆ ಮಾತಾಡಿದ್ದು ಇದು, ಬರೆದು ಕೊಡಿ ಅಂತ ಕೇಳಿದ್ರು, ಹಾಗಾಗಿ ಆವತ್ತು ಹೇಳಿದ್ದನ್ನೇ ಜೋಡಿಸಿ ಹಾಕ್ತಿದೀನಿ. ಸ್ಲೈಡ್ ನೋಡದೇ ಇರೋರಿಗೂ ಅರ್ಥ ಆಗ್ಲಿ ಅಂತ ಅಲ್ಲಲ್ಲಿ ಲೆಕ್ಕ ಬಿಡಿಸಿ ಬರ್ದಿದೀನಿ.

ಈ ವಿಷಯ ಎತ್ತಿದ ತಕ್ಷಣ ಬರೋ ಮೊದಲನೇ ಪ್ರಶ್ನೆ ಒಂದೇ: ಡ್ರೈವರ್ ಇಲ್ಲದ ಗಣಿ ಟ್ರಕ್ ಆಗ್ಲೇ ಓಡ್ತಾ ಇದೆಯಲ್ಲ, ಇನ್ನೇನು ರಿಸರ್ಚ್ ಮಾಡ್ತೀರ? ನಿಜ, ಓಡ್ತಾ ಇದೆ. 2008ರಲ್ಲೇ ಚಿಲಿ ದೇಶದ ಗೇಬ್ರಿಯೆಲಾ ಮಿಸ್ಟ್ರಾಲ್ ತಾಮ್ರದ ಗಣಿಯಲ್ಲಿ ಕೊಮಾಟ್ಸು ಕಂಪನಿಯ ಟ್ರಕ್‌ಗಳು ಡ್ರೈವರ್ ಇಲ್ಲದೆ ಕೆಲಸ ಶುರು ಮಾಡಿದ್ವು, ಅದೇ ವರ್ಷದ ಕೊನೆಗೆ ಆಸ್ಟ್ರೇಲಿಯಾದ ಪಿಲ್ಬಾರಾದಲ್ಲಿ ರಿಯೋ ಟಿಂಟೋದೋರು ಟ್ರಯಲ್ ಶುರು ಮಾಡಿದ್ರು, ಈಗ ಅಲ್ಲಿನ ಗಣಿಗಳನ್ನ ಸುಮಾರು 1500 ಕಿಲೋಮೀಟರ್ ದೂರದ ಪರ್ತ್ ನಗರದಲ್ಲಿ ಕೂತು ನಡೆಸ್ತಾರೆ. ಇದನ್ನೆಲ್ಲ ಕೇಳಿದ್ರೆ ಮುಗಿದ ಕಥೆ ಅನ್ಸತ್ತೆ. ಆದ್ರೆ ಆ ಟ್ರಕ್‌ಗಳು ಹೇಗೆ ಓಡ್ತವೆ ಅಂತ ಹತ್ತಿರದಿಂದ ನೋಡಿದ್ರೆ ಒಂದು ವಿಷಯ ಗೊತ್ತಾಗತ್ತೆ, ಅವು ಹೆಚ್ಚಿನ ಮಟ್ಟಿಗೆ ನೋಡ್ಕೊಂಡು ಓಡಲ್ಲ. ತಾನು ಎಲ್ಲಿದೀನಿ ಅಂತ ಸೆಂಟಿಮೀಟರ್ ಲೆಕ್ಕದಲ್ಲಿ ಹೇಳೋ ಜಿಪಿಎಸ್ ಇದೆ, ರಸ್ತೆಗಳ ಮ್ಯಾಪ್ ಇದೆ, ಯಾವ ಟ್ರಕ್ ಯಾವ ಲೇನ್‌ನಲ್ಲಿ ಹೋಗ್ಬೇಕು ಅಂತ ಹಂಚಿ ಕೊಡೋ ಸೆಂಟ್ರಲ್ ಸಾಫ್ಟ್‌ವೇರ್ ಇದೆ, ಆ ಜಾಗದೊಳಗೆ ಬರೋ ಜೀಪು, ರಸ್ತೆ ಸಮ ಮಾಡೋ ಗ್ರೇಡರ್, ನೀರು ಹಾಕೋ ಟ್ಯಾಂಕರ್ ಪ್ರತಿಯೊಂದಕ್ಕೂ ಜಿಪಿಎಸ್ಸು ರೇಡಿಯೋ ಹಾಕಿರ್ತಾರೆ, ಕಾಲ್ನಡಿಗೆಯಲ್ಲಿ ಯಾರೂ ಒಳಗೆ ಬರೋ ಹಾಗಿಲ್ಲ. ಅಂದ್ರೆ ಟ್ರಕ್ ನೋಡಿ ತಿಳ್ಕೊಳೋದಕ್ಕಿಂತ, ಅದಕ್ಕೆ ಮೊದಲೇ ಹೇಳಿ ಕಳಿಸಿರೋದೇ ಜಾಸ್ತಿ. ಮುಂದೆ ಹಾಕಿರೋ ರೇಡಾರು (ರೇಡಿಯೋ ತರಂಗದಿಂದ ನೋಡೋದು), ಲೈಡಾರು (ಲೇಸರ್‌ನಿಂದ ನೋಡೋದು) ಇರೋದು ಮ್ಯಾಪ್‌ನಲ್ಲಿ ಇಲ್ಲದ ಯಾವುದೋ ಒಂದು ಅಡ್ಡ ಬಂದ್ರೆ ನಿಲ್ಸೋಕೆ.

ಹಾಗಾಗಿ ಯೂನಿವರ್ಸಿಟಿಗಳಲ್ಲಿ ಪರ್ಸೆಪ್ಷನ್ ಅಂತ ಕರೆಯೋ ಕೆಲಸ, ಅಂದ್ರೆ ಸೆನ್ಸರ್‌ನಿಂದ ಬರೋ ರಾಶಿ ನಂಬರ್‌ಗಳಿಂದ ಸುತ್ತ ಏನಿದೆ ಅಂತ ಕಂಡುಹಿಡಿಯೋ ಕೆಲಸ, ಗಣಿಯ ಮಟ್ಟಿಗೆ ಇನ್ನೂ ಅರ್ಧ ದಾರಿಯಲ್ಲಿದೆ. ಇವತ್ತು ನಾನು ಮುಖ್ಯವಾಗಿ ಹೇಳ್ಬೇಕು ಅಂತಿರೋದು ಇಷ್ಟು: ಇಲ್ಲಿ ಕಷ್ಟದ ಪ್ರಶ್ನೆ ಮೆಷಿನ್‌ಗೆ ಏನು ಕಾಣಿಸ್ತು ಅನ್ನೋದಲ್ಲ, ಕಂಡಿದ್ದನ್ನ ಎಷ್ಟು ನಂಬ್ಬೇಕು ಅನ್ನೋದು, ಕಾಣ್ತಾ ಇಲ್ಲ ಅಂದಾಗ ಕಾಣ್ತಾ ಇಲ್ಲ ಅಂತ ಅದಕ್ಕೇ ಗೊತ್ತಾಗ್ಬೇಕು. ಇಪ್ಪತ್ತು ಮೂವತ್ತು ವರ್ಷದ ರಿಸರ್ಚ್ ನೋಡಿದ್ರೆ ಒಳ್ಳೆ ಕೆಲಸ ಅನ್ನೋದೆಲ್ಲ ಈ ಪ್ರಶ್ನೆಗೇ ಬಂದು ಸೇರತ್ತೆ.

ಮೊದಲು ಒಂದು ಲೆಕ್ಕ ಮಾಡೋಣ. ದೊಡ್ಡ ಡಂಪರ್, ಕೊಮಾಟ್ಸು 930ಇ ಅಂತ ತಗೊಳಿ, ಒಂದು ಸಲಕ್ಕೆ ಸುಮಾರು 290 ಟನ್ ಹೊರತ್ತೆ, ಲೋಡ್ ಸೇರಿ ಒಟ್ಟು 500 ಟನ್ ಹತ್ತಿರ. ಗಂಟೆಗೆ 50 ಕಿಲೋಮೀಟರ್ ಸ್ಪೀಡ್ ಅಂದ್ರೆ ಸೆಕೆಂಡಿಗೆ ಹತ್ರ ಹತ್ರ 14 ಮೀಟರ್. ಸೆನ್ಸರ್ ನೋಡಿ, ಸಾಫ್ಟ್‌ವೇರ್ ಯೋಚಿಸಿ, ಬ್ರೇಕ್ ಹಿಡಿಯೋಕೆ ಒಂದು ಸೆಕೆಂಡ್ ಅಂತ ಇಟ್ಕೊಳಿ, ಅಷ್ಟರಲ್ಲಿ 14 ಮೀಟರ್ ಹೋಯ್ತು. ಆಮೇಲೆ ಒಂದೊಂದು ಸೆಕೆಂಡ್ ಕಳೆದಾಗ್ಲೂ ಸ್ಪೀಡ್ ಸೆಕೆಂಡಿಗೆ 2 ಮೀಟರ್‌ನಷ್ಟು ಇಳೀತಾ ಬರತ್ತೆ ಅಂತ ಅಂದಾಜು ಹಾಕಿದ್ರೆ ನಿಲ್ಲೋಕೆ ಇನ್ನೂ 48 ಮೀಟರ್ ಬೇಕು. ಒಟ್ಟು 62. ರಸ್ತೆ ಒದ್ದೆ ಆಗಿ ಬ್ರೇಕಿನ ಹಿಡಿತ ಅರ್ಧ ಆಯ್ತು ಅಂದ್ರೆ 110 ದಾಟತ್ತೆ. ಅಂದ್ರೆ ಒಂದು ಕಲ್ಲು ಅಡ್ಡ ಬಿದ್ದಿದೆ ಅಂತ 60ರಿಂದ 110 ಮೀಟರ್ ದೂರದಲ್ಲೇ ಖಚಿತವಾಗಿ ಗೊತ್ತಾಗ್ಬೇಕು.

ಈಗ ಲೈಡಾರ್ ನೋಡಿ. ಲೇಸರ್ ಕಿರಣ ಬಿಟ್ಟು ಅದು ತಿರುಗಿ ಬರೋಕೆ ಹಿಡಿಯೋ ಟೈಮ್ ಅಳೆದು ದೂರ ಹೇಳೋ ಸೆನ್ಸರ್ ಅದು, ರಿಸರ್ಚ್ ಲ್ಯಾಬ್‌ಗಳಲ್ಲಿ ತುಂಬಾ ಓಡಾಡಿದ 16 ಕಿರಣದ ಮಾಡೆಲ್‌ನಲ್ಲಿ ಮೇಲೆ ಕೆಳಗೆ ಒಂದು ಕಿರಣಕ್ಕೂ ಇನ್ನೊಂದಕ್ಕೂ 2 ಡಿಗ್ರಿ ಅಂತರ. 60 ಮೀಟರ್ ದೂರದಲ್ಲಿ 2 ಡಿಗ್ರಿ ಅಂದ್ರೆ 2 ಮೀಟರ್‌ಗಿಂತ ಜಾಸ್ತಿ ಗ್ಯಾಪ್. 30 ಸೆಂಟಿಮೀಟರ್ ಎತ್ತರದ ಕಲ್ಲು ಎರಡು ಕಿರಣದ ಮಧ್ಯೆ ಆರಾಮಾಗಿ ಉಳ್ಕೊಳತ್ತೆ, ಒಂದೇ ಒಂದು ಚುಕ್ಕೆಯೂ ಅದರ ಮೇಲೆ ಬೀಳದೆ. ಸಣ್ಣ ಕಲ್ಲು ತಾನೇ, ಅಷ್ಟು ದೊಡ್ಡ ಗಾಡಿಗೆ ಏನಾಗತ್ತೆ ಅಂತೀರ? ಗಾಡಿಗೆ ಏನೂ ಆಗದೇ ಇರಬಹುದು, ಟೈರಿಗೆ ಆಗತ್ತೆ. ಮೂರೂವರೆ ಮೀಟರ್‌ಗೂ ಮೀರಿದ ಎತ್ತರದ ಟೈರ್ ಅದು, ಚೂಪು ಕಲ್ಲು ಪಕ್ಕದ ಗೋಡೆ ಸೀಳಿದ್ರೆ ಆ ಟೈರ್ ಅಲ್ಲಿಗೆ ಮುಗೀತು, ಅದರ ಬೆಲೆ ಮತ್ತೆ ಬದಲಾಯಿಸೋ ಕೆಲಸ ಎರಡೂ ಸಣ್ಣದಲ್ಲ. ಹಾಗಂತ ಮುಂದೆ ಕಂಡ ಪ್ರತಿಯೊಂದಕ್ಕೂ ನಿಲ್ಸಿ ಅಂತ ಹೇಳೋಕೂ ಆಗಲ್ಲ. ಸುಮ್‌ಸುಮ್ನೆ ಒಂದು ಟ್ರಕ್ ನಿಂತ್ರೆ ಹಿಂದಿಂದು ನಿಲ್ಲತ್ತೆ, ಅದರ ಹಿಂದಿಂದು ನಿಲ್ಲತ್ತೆ, ಆ ಕಡೆ ಅದಿರು ಅಗೆದು ಟ್ರಕ್ಕಿಗೆ ತುಂಬೋ ಶವೆಲ್ ಖಾಲಿ ಕಾಯತ್ತೆ, ಈ ಕಡೆ ಕ್ರಶರ್‌ಗೆ ಅದಿರು ಬರಲ್ಲ, ಯಾರೋ ಒಬ್ಬರು ಜೀಪಲ್ಲಿ ಹೋಗಿ ನೋಡಿ ಏನೂ ಇಲ್ಲ ಅಂತ ಕ್ಲಿಯರ್ ಮಾಡ್ಬೇಕು. ದಿನಕ್ಕೆ ಹತ್ತು ಸಲ ಹೀಗಾದ್ರೆ ಮನುಷ್ಯರು ಏನ್ ಮಾಡ್ತಾರೆ? ಸೆನ್ಸರ್‌ನ ಸೆನ್ಸಿಟಿವಿಟಿ ಕಮ್ಮಿ ಮಾಡಿ ಅಂತಾರೆ. ಕಮ್ಮಿ ಮಾಡಿದ್ರೆ ನಿಜವಾದ ಕಲ್ಲೂ ತಪ್ಪಿ ಹೋಗತ್ತೆ. ಸುಳ್ಳು ಅಲಾರಂ ಅಂದ್ರೆ ಬರೀ ಕಿರಿಕಿರಿ ಅಂತ ಅಂದ್ಕೋಬೇಡಿ, ಅದು ಸೇಫ್ಟಿಯ ವಿಷಯ, ಯಾಕಂದ್ರೆ ಜನ ನಂಬದ ಸೆನ್ಸರ್ ಕೊನೆಗೆ ಆಫ್ ಆಗತ್ತೆ.

ಇನ್ನು ಧೂಳು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡ್ತೀನಿ, ಯಾಕಂದ್ರೆ ಗಣಿಯ ಪರ್ಸೆಪ್ಷನ್‌ಗೂ ಸಿಟಿ ರಸ್ತೆಯ ಕಾರಿನ ಪರ್ಸೆಪ್ಷನ್‌ಗೂ ಇರೋ ದೊಡ್ಡ ವ್ಯತ್ಯಾಸ ಇದೇ. ಲೈಡಾರಿನ ಬೆಳಕಿನ ತರಂಗದ ಉದ್ದ ಸಾಮಾನ್ಯವಾಗಿ 905 ನ್ಯಾನೋಮೀಟರ್, ಅಂದ್ರೆ ಒಂದು ಮೈಕ್ರಾನ್‌ಗೂ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಕಮ್ಮಿ. ಗಾಳಿಯಲ್ಲಿ ತೇಲೋ ಧೂಳಿನ ಕಣ ಒಂದೆರಡು ಮೈಕ್ರಾನ್‌ನಿಂದ ಹಿಡಿದು ನೂರರ ತನಕ. ಕಣ ತರಂಗಕ್ಕಿಂತ ದೊಡ್ಡದು, ಹಾಗಾಗಿ ಬೆಳಕು ಅದಕ್ಕೆ ಬಡಿದು ಚದುರತ್ತೆ, ಚದುರಿದ್ದರಲ್ಲಿ ಒಂದು ಭಾಗ ವಾಪಸ್ ಸೆನ್ಸರ್‌ಗೇ ಬರತ್ತೆ, ಸೆನ್ಸರ್‌ಗೆ ಅದು ಕಲ್ಲಿಂದ ಬಂತಾ ಧೂಳಿಂದ ಬಂತಾ ಅಂತ ಹೇಳೋಕೆ ದಾರಿ ಇಲ್ಲ. ಶವೆಲ್ ಬಕೆಟ್ ಸುರಿದಾಗ ಎದ್ದ ಧೂಳು ಅದರ ಕಣ್ಣಿಗೆ ಗಟ್ಟಿ ಗೋಡೆ. ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯ ಒಂದು ಟೀಮ್ ಇದನ್ನ ಲ್ಯಾಬ್‌ನಲ್ಲಿ ತಾಳ್ಮೆಯಿಂದ ಅಳೆದು ನೋಡ್ತು, 2017ರಲ್ಲಿ ಅವರ ಪೇಪರ್ ಬಂತು, ಧೂಳಲ್ಲಿ ಲೈಡಾರ್ ಹೇಗೆ ಬೇಕೋ ಹಾಗೆ ಆಡಲ್ಲ, ಧೂಳನ್ನ ದಾಟಿ ಎಷ್ಟು ಪಾಲು ಬೆಳಕು ಹೋಗತ್ತೆ ಅನ್ನೋದರ ಮೇಲೆ ನಾಲ್ಕು ಥರದ ನಡವಳಿಕೆ ಇದೆ ಅಂತ ತೋರಿಸಿದ್ರು. ಧೂಳು ತೆಳು ಇದ್ದಾಗ ಹಿಂದಿನ ವಸ್ತುವೇ ಕಾಣತ್ತೆ, ದಟ್ಟ ಆಗ್ತಾ ಒಂದು ಹಂತ ದಾಟಿದ ಮೇಲೆ ಧೂಳಿನ ಮೋಡದ ಮುಂದಿನ ಅಂಚನ್ನೇ ವಸ್ತು ಅಂತ ಹೇಳೋಕೆ ಶುರು ಮಾಡತ್ತೆ. ಕೇಳೋಕೆ ಸಣ್ಣ ವಿಷಯ ಅನ್ಸಬಹುದು, ನನ್ನ ಪ್ರಕಾರ ಈ ಫೀಲ್ಡ್‌ನಲ್ಲಿ ಬಂದ ತುಂಬಾ ಉಪಯೋಗದ ಕೆಲಸಗಳಲ್ಲಿ ಇದೊಂದು, ಯಾಕಂದ್ರೆ ತಪ್ಪು ಒಂದು ನಿಯಮದ ಪ್ರಕಾರ ಆಗತ್ತೆ ಅಂತ ಗೊತ್ತಾದ್ರೆ ಆ ತಪ್ಪನ್ನ ಹಿಡಿಯೋ ಸಾಫ್ಟ್‌ವೇರ್ ಬರೀಬಹುದು, ಹೇಗಂದ್ರೆ ಹಾಗೆ ಆಗೋ ತಪ್ಪಿಗೆ ಏನೂ ಮಾಡೋಕಾಗಲ್ಲ.

ರೇಡಾರ್‌ಗೆ ಈ ಕಷ್ಟ ಇಲ್ಲ. 77 ಗಿಗಾಹರ್ಟ್ಸ್ ರೇಡಾರಿನ ತರಂಗ ಸುಮಾರು 4 ಮಿಲಿಮೀಟರ್ ಉದ್ದ, ಧೂಳಿನ ಕಣ ಅದರ ಮುಂದೆ ಲೆಕ್ಕಕ್ಕೇ ಇಲ್ಲ, ನೇರ ದಾಟಿ ಹೋಗತ್ತೆ. ಸಿಡ್ನಿ ಯೂನಿವರ್ಸಿಟಿಯ ಆಸ್ಟ್ರೇಲಿಯನ್ ಸೆಂಟರ್ ಫಾರ್ ಫೀಲ್ಡ್ ರೋಬೋಟಿಕ್ಸ್‌ನಲ್ಲಿ ಗ್ರಹಾಂ ಬ್ರೂಕರ್ ಮತ್ತೆ ಜೊತೆಗಾರರು ಗಣಿಗೆ ಅಂತಲೇ ಮಿಲಿಮೀಟರ್ ತರಂಗದ ರೇಡಾರ್ ಕಟ್ಟಿ, ಧೂಳು ಮತ್ತೆ ನೀರಾವಿಯ ಆಚೆ ಅಳೆಯೋದು ಹೇಗೆ ಅಂತ 2007ರಲ್ಲೇ ಬರೆದಿದ್ರು. ಹಾಗಾದ್ರೆ ಲೈಡಾರ್ ಬಿಟ್ಟು ರೇಡಾರೇ ಹಾಕಿದ್ರೆ ಆಯ್ತಲ್ಲ? ಆಗಲ್ಲ. ರೇಡಾರಿನ ಕಿರಣ ಅಗಲ. ತರಂಗದ ಉದ್ದವನ್ನ ಆಂಟೆನಾ ಅಗಲದಿಂದ ಭಾಗಿಸಿದ್ರೆ ಕಿರಣ ಎಷ್ಟು ಹರಡತ್ತೆ ಅಂತ ಅಂದಾಜು ಸಿಗತ್ತೆ, 15 ಸೆಂಟಿಮೀಟರ್ ಆಂಟೆನಾ ಇಟ್ರೂ ಒಂದೂವರೆ ಡಿಗ್ರಿ ಹತ್ರ, 100 ಮೀಟರ್ ದೂರದಲ್ಲಿ ಎರಡೂವರೆ ಮೀಟರ್ ಅಗಲದ ಕಲೆ. ಅದರೊಳಗೆ ಏನೋ ಇದೆ ಅಂತ ಹೇಳತ್ತೆ, ಎಲ್ಲಿದೆ ಎಷ್ಟು ದೊಡ್ಡದು ಅಂತ ಹೇಳಲ್ಲ. ಕಬ್ಬಿಣದ ವಸ್ತು ಜೋರಾಗಿ ಹೊಳೆಯತ್ತೆ, ಮನುಷ್ಯ ಮಂಕಾಗಿ ಕಾಣ್ತಾನೆ, ಗೋಡೆಗೆ ಬಡಿದು ಬಳಸಿ ಬಂದ ಪ್ರತಿಫಲನದಿಂದ ಇಲ್ಲದ ವಸ್ತುವೂ ಕಾಣತ್ತೆ.

ಹೀಗಿರೋವಾಗ ಸಿಡ್ನಿ ತಂಡ ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಸಿಡ್ನಿಯಿಂದ ಸ್ವಲ್ಪ ದೂರದಲ್ಲಿ ಮರೂಲನ್ ಅಂತ ಅವರ ಟೆಸ್ಟ್ ಜಾಗ ಇದೆ, ಅಲ್ಲಿ ಒಂದೇ ವಾಹನದ ಮೇಲೆ ಲೇಸರ್, ರೇಡಾರ್, ಮಾಮೂಲಿ ಕ್ಯಾಮೆರಾ, ಶಾಖ ನೋಡೋ ಇನ್‌ಫ್ರಾರೆಡ್ ಕ್ಯಾಮೆರಾ ಎಲ್ಲ ಕೂರಿಸಿ, ಬೇಕಂತಲೇ ಧೂಳು ಎಬ್ಬಿಸಿ, ಹೊಗೆ ಹಾಕಿ, ಮಳೆ ಥರ ನೀರು ಸುರಿಸಿ ಎಲ್ಲದರ ಡೇಟಾ ಹಿಡಿದು 2010ರಲ್ಲಿ ಎಲ್ಲರಿಗೂ ಸಿಗೋ ಹಾಗೆ ಕೊಟ್ಟುಬಿಟ್ರು. ಯಾವ ಸೆನ್ಸರ್ ಗೆಲ್ಲತ್ತೆ ಅಂತ ನೋಡೋದಕ್ಕಿಂತ ಅಲ್ಲಿಂದ ಬಂದ ಯೋಚನೆ ಮುಖ್ಯ: ಗಾಳಿ ಕ್ಲೀನ್ ಇದ್ದಾಗ ಲೇಸರ್ ಹೇಳೋ ದೂರವೂ ರೇಡಾರ್ ಹೇಳೋ ದೂರವೂ ಒಂದಕ್ಕೊಂದು ಹೊಂದ್ಕೊಳತ್ತೆ, ಧೂಳು ಬಂದ ತಕ್ಷಣ ಲೇಸರ್ ಹತ್ತಿರದ್ದು ಹೇಳತ್ತೆ, ರೇಡಾರ್ ದೂರದ್ದು ಹೇಳತ್ತೆ, ಎರಡಕ್ಕೂ ಜಗಳ. ಆ ಜಗಳವೇ ಮಾಹಿತಿ. ಜಗಳ ಆಗ್ತಿರೋ ದಿಕ್ಕಿನಲ್ಲಿ ಲೇಸರ್ ಮಾತು ಪಕ್ಕಕ್ಕಿಡು ಅಂತ ಹೇಳಬಹುದು, ಒಪ್ಕೊಳೋ ದಿಕ್ಕಿನಲ್ಲಿ ಲೇಸರಿನ ಸೂಕ್ಷ್ಮ ಅಳತೆಯನ್ನೇ ತಗೋಬಹುದು. ತುಂಬಾ ಜನ ಸೆನ್ಸರ್ ಫ್ಯೂಷನ್ ಅಂದ್ರೆ ಎಲ್ಲ ಸೇರಿಸಿ ಆವರೇಜ್ ಮಾಡೋದು ಅಂದ್ಕೊಂಡಿರ್ತಾರೆ. ಧೂಳಿದ್ದಾಗ ಆವರೇಜ್ ಮಾಡಿದ್ರೆ ಎರಡರ ಮಧ್ಯದಲ್ಲಿ ಎಲ್ಲೂ ಇಲ್ಲದ ಒಂದು ವಸ್ತು ಹುಟ್ಕೊಳತ್ತೆ. ಮೊದಲು ಒಪ್ಪಿಗೆ ಇದೆಯಾ ಅಂತ ಕೇಳ್ಬೇಕು, ಸೇರಿಸೋದು ಆಮೇಲೆ.

ಟ್ರಕ್ ಬಿಟ್ಟು ಅಗೆಯೋ ಯಂತ್ರಕ್ಕೆ ಬರೋಣ. ಇಲ್ಲಿ ಹಳೇ ಹೆಸರು ಅಂದ್ರೆ ಅಮೆರಿಕಾದ ಕಾರ್ನೆಗಿ ಮೆಲನ್ ಯೂನಿವರ್ಸಿಟಿ. 1990ರ ದಶಕದ ಕೊನೆಗೆ ಆಂಥೋನಿ ಸ್ಟೆಂಟ್ಜ್, ಸಂಜೀವ್ ಸಿಂಗ್ ಮತ್ತೆ ಅವರ ಜೊತೆಯೋರು ಒಂದು ಹೈಡ್ರಾಲಿಕ್ ಎಕ್ಸ್‌ಕವೇಟರ್ ಮೇಲೆ ಎರಡು ಲೇಸರ್ ಸ್ಕ್ಯಾನರ್ ಕೂರಿಸಿ, ಟ್ರಕ್ ಎಲ್ಲಿ ನಿಂತಿದೆ ಅಂತ ತಾನೇ ಗುರುತಿಸಿ, ಎಲ್ಲಿ ಅಗೀಬೇಕು ಎಲ್ಲಿ ಸುರೀಬೇಕು ಅಂತ ತಾನೇ ತೀರ್ಮಾನ ಮಾಡಿ ಟ್ರಕ್ ತುಂಬಿಸೋ ಸಿಸ್ಟಮ್ ಮಾಡಿ ತೋರಿಸಿದ್ರು. ಆಗಿನ ಕಂಪ್ಯೂಟರ್‌ಗಳಲ್ಲಿ! ಅದು ಆಗಿ ಇಷ್ಟು ವರ್ಷ ಆದ್ಮೇಲೂ ದೊಡ್ಡ ಶವೆಲ್‌ಗಳಲ್ಲಿ ಹೆಚ್ಚಿನ ಕಡೆ ಆಪರೇಟರ್ ಯಾಕೆ ಕೂತಿದಾರೆ ಅಂದ್ರೆ, ಅಲ್ಲಿ ಒಂದು ತಪ್ಪು ತುಂಬಾ ದುಬಾರಿ. ರೋಪ್ ಶವೆಲ್‌ನ (ಉಕ್ಕಿನ ಹಗ್ಗದಿಂದ ಬಕೆಟ್ ಎತ್ತೋ ದೊಡ್ಡ ಶವೆಲ್) ಬಕೆಟ್ ಟ್ರಕ್ಕಿಗೆ ಬಡೀಬಹುದು, ಚಕ್ರದ ಬದಲು ಇರೋ ತನ್ನದೇ ಕ್ರಾಲರ್ ಟ್ರ್ಯಾಕ್‌ಗೆ ಬಡೀಬಹುದು. ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯಲ್ಲಿ ಪೀಟರ್ ಮ್ಯಾಕರಿ ಅವರ ಗುಂಪು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ, ಅವರ ದಾರಿ ಸ್ವಲ್ಪ ಬೇರೆ. ಟ್ರಕ್ಕಿನ ಆಕಾರ ನಮಗೆ ಮೊದಲೇ ಗೊತ್ತಿದೆ, ಬಕೆಟ್‌ದು ಗೊತ್ತಿದೆ, ಹಾಗಾಗಿ ಚುಕ್ಕೆಗಳ ರಾಶಿಯಿಂದ ಶೂನ್ಯದಿಂದ ಏನೋ ಕಂಡುಹಿಡಿಯೋ ಬದಲು ಎರಡು ಪ್ರಶ್ನೆ ಕೇಳೋಣ ಅಂತ: ನಾನು ಅಂದ್ಕೊಂಡಿರೋ ವಸ್ತುವೇನಾ ಇದು, ಮತ್ತೆ ಅಂದ್ಕೊಂಡ ಜಾಗದಲ್ಲೇ ಇದೆಯಾ. ಪ್ರತಿ ಲೇಸರ್ ಕಿರಣಕ್ಕೂ ಈ ಎರಡು ನಿಜ ಆಗಿದ್ರೆ ಎಷ್ಟು ದೂರ ಬರ್ಬೇಕಿತ್ತು ಅಂತ ಲೆಕ್ಕ ಹಾಕಿ, ನಿಜವಾಗಿ ಬಂದಿದ್ದರ ಜೊತೆ ಹೋಲಿಸೋದು. ಹೊಂದಲಿಲ್ಲ ಅಂದ್ರೆ ಮೆಷಿನ್ ಮುಂದೆ ಹೋಗಬಾರದು. ಇದು ಕ್ಯಾಮೆರಾಗೆ ಟ್ರಕ್ ತೋರಿಸಿ 98 ಪರ್ಸೆಂಟ್ ಟ್ರಕ್ ಅಂತ ಹೇಳಿಸೋದಕ್ಕಿಂತ ಬೇರೆ ಥರದ ಭರವಸೆ, 500 ಟನ್ ಯಂತ್ರದ ಪಕ್ಕ ನಿಲ್ಲೋ ಬಕೆಟ್ಟಿಗೆ ಬೇಕಾಗಿರೋದು ಈ ಥರದ್ದೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ಬಕೆಟ್ ಹಲ್ಲಿನ ವಿಷಯ ಇಲ್ಲೇ ಹೇಳಿಬಿಡ್ತೀನಿ. ಶವೆಲ್ ಬಕೆಟ್‌ನ ಒಂದು ಉಕ್ಕಿನ ಹಲ್ಲು ಮುರಿದು ಅದಿರಿನ ಜೊತೆ ಕ್ರಶರ್‌ಗೆ ಹೋದ್ರೆ ಕ್ರಶರ್ ಜಾಮ್, ಅದನ್ನ ಬಿಡಿಸೋ ಕೆಲಸ ಮನುಷ್ಯರಿಗೆ ತುಂಬಾ ಅಪಾಯದ್ದು. ಶವೆಲ್‌ನ ಉದ್ದ ತೋಳಾದ ಬೂಮ್ ಮೇಲೆ ಒಂದು ಕ್ಯಾಮೆರಾ ಹಾಕಿ ಹಲ್ಲುಗಳನ್ನ ಎಣಿಸ್ತಾ ಇರೋ ಸಿಸ್ಟಮ್ ಕೆನಡಾದ ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿಯಿಂದ ಹೊರಬಂದ ಮೋಷನ್ ಮೆಟ್ರಿಕ್ಸ್ ಅನ್ನೋ ಕಂಪನಿ ಮಾಡ್ತು. ಸಣ್ಣ ಪ್ರಶ್ನೆ, ಒಂದೇ ಉತ್ತರ, ಗಣಿಗೆ ನೇರ ಲಾಭ. ಕ್ಯಾಂಪಸ್ಸಿಂದ ಗಣಿಗೆ ಬೇಗ ತಲುಪಿದ್ದೆಲ್ಲ ಹೆಚ್ಚಾಗಿ ಇಂಥವೇ.

ಇನ್ನು ಭೂಮಿಯ ಒಳಗೆ. ಇಲ್ಲಿ ಜಿಪಿಎಸ್ಸೇ ಇಲ್ಲ, ಹಾಗಾಗಿ ಮ್ಯಾಪ್ ಕಟ್ತಾ ಕಟ್ತಾ ಅದರಲ್ಲೇ ತಾನೆಲ್ಲಿದೀನಿ ಅಂತ ಕಂಡ್ಕೋಬೇಕು, ಇದಕ್ಕೆ ಸ್ಲ್ಯಾಮ್ ಅಂತಾರೆ, ಈ ಹೆಸರು ಚಾಲ್ತಿಗೆ ಬರೋಕೆ 1990ರ ದಶಕದಲ್ಲಿ ಸಿಡ್ನಿಯ ಹ್ಯೂ ಡುರಂಟ್-ವೈಟ್ ಅವರ ಗುಂಪಿನ ಕೆಲಸ ದೊಡ್ಡ ಕಾರಣ. ಸುರಂಗದಲ್ಲಿ ಇದಕ್ಕೊಂದು ವಿಶೇಷ ತೊಂದರೆ ಇದೆ. ಲೇಸರ್‌ನಿಂದ ಈಗ ತೆಗೆದ ಆಕಾರವನ್ನ ಸ್ವಲ್ಪ ಹಿಂದೆ ತೆಗೆದ ಆಕಾರದ ಮೇಲೆ ಕೂರಿಸಿ ಎಷ್ಟು ಮುಂದೆ ಬಂದೆ ಅಂತ ಲೆಕ್ಕ ಹಾಕ್ತೀವಿ, ನುಣುಪಾದ ಉದ್ದ ಸುರಂಗದಲ್ಲಿ ಎಡ ಬಲ ಗೋಡೆ ಚೆನ್ನಾಗಿ ಸಿಗತ್ತೆ, ಮೇಲಿನ ಸೀಲಿಂಗ್ ಸಿಗತ್ತೆ, ಆದ್ರೆ ಉದ್ದಕ್ಕೆ ಹಿಡಿದುಕೊಳ್ಳೋಕೆ ಏನೂ ಇಲ್ಲ, ಒಂದು ಪೈಪಿನೊಳಗೆ ಇನ್ನೊಂದು ಪೈಪ್ ಹಾಕಿ ಜಾರಿಸಿದ ಹಾಗೆ ಎಲ್ಲಿ ಇಟ್ರೂ ಹೊಂದ್ಕೊಳತ್ತೆ. ಸಾಫ್ಟ್‌ವೇರ್ ನಾನು ನಿಂತಲ್ಲೇ ಇದೀನಿ ಅಂತ ಪೂರ್ತಿ ಧೈರ್ಯದಿಂದ ಹೇಳತ್ತೆ, ಅದಿರು ತುಂಬಿ ಸಾಗಿಸೋ ಲೋಡರ್ ಇಪ್ಪತ್ತು ಮೀಟರ್ ಮುಂದೆ ಹೋಗಿರತ್ತೆ. ಇಲ್ಲೂ ಪರಿಹಾರ ಇನ್ನೂ ಒಳ್ಳೆ ಲೇಸರ್ ತರೋದಲ್ಲ, ಈ ದಿಕ್ಕಿನಲ್ಲಿ ನನ್ನ ಅಳತೆಗೆ ಬಲ ಇಲ್ಲ ಅಂತ ಗಣಿತದಿಂದಲೇ ಗುರುತಿಸಿ, ಆ ದಿಕ್ಕಿಗೆ ಮಾತ್ರ ಚಕ್ರ ಎಷ್ಟು ಸುತ್ತಿತು ಅನ್ನೋ ಥರದ ಬೇರೆ ಮೂಲ ನಂಬೋದು. ಕಾರ್ನೆಗಿ ಮೆಲನ್‌ನಲ್ಲಿ 2016ರಲ್ಲಿ ಇದನ್ನ ಚೊಕ್ಕವಾಗಿ ಮಾಡಿ ತೋರಿಸಿದ್ರು.

ಸ್ವೀಡನ್ನಿನ ಓರೆಬ್ರೊ ಯೂನಿವರ್ಸಿಟಿಯ ಮಾರ್ಟಿನ್ ಮ್ಯಾಗ್ನುಸನ್ ಮತ್ತೆ ಜೊತೆಗಾರರು ಎನ್‌ಡಿಟಿ ಅನ್ನೋ ಮ್ಯಾಚಿಂಗ್ ವಿಧಾನವನ್ನ ಮೂರು ಆಯಾಮಕ್ಕೆ ಬೆಳೆಸಿದ್ದು ಗಣಿ ವಾಹನಕ್ಕೆ ಅಂತಲೇ, 2007ರಲ್ಲಿ. ಒಂದೊಂದು ಚುಕ್ಕೆ ಹೊಂದಿಸೋ ಬದಲು ಜಾಗವನ್ನ ಸಣ್ಣ ಸಣ್ಣ ಬಾಕ್ಸ್ ಮಾಡಿ, ಪ್ರತಿ ಬಾಕ್ಸ್‌ನಲ್ಲಿ ಚುಕ್ಕೆಗಳು ಯಾವ ಕಡೆ ಹರಡಿವೆ ಅಂತ ಸಾರಾಂಶ ಇಟ್ಕೊಂಡು ಅದಕ್ಕೆ ಹೊಂದಿಸೋದು. ಗಣಿಗೆ ಹುಟ್ಟಿದ ಆ ಕೆಲಸ ಇವತ್ತು ರಸ್ತೆಯ ಸ್ವಯಂಚಾಲಿತ ಕಾರುಗಳ ಸಾಫ್ಟ್‌ವೇರ್‌ನಲ್ಲೂ ಬಳಕೆಯಲ್ಲಿದೆ, ಗಣಿ ರಿಸರ್ಚ್ ಅಂದ್ರೆ ಮೂಲೆಯ ವಿಷಯ ಅಂತ ಅಂದ್ಕೊಳೋರಿಗೆ ಇದನ್ನ ಹೇಳ್ತಿರ್ತೀನಿ.

ಮ್ಯಾಪ್ ಯಾಕೆ ಬರೀ ನ್ಯಾವಿಗೇಷನ್ ವಿಷಯ ಅಲ್ಲ ಅನ್ನೋದಕ್ಕೆ ಒಂದು ಘಟನೆ. 2002ರ ಜುಲೈನಲ್ಲಿ ಅಮೆರಿಕಾದ ಪೆನ್ಸಿಲ್ವೇನಿಯಾದ ಕ್ವೀಕ್ರೀಕ್ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡ್ತಿದ್ದೋರು ಅಗೀತಾ ಅಗೀತಾ ಪಕ್ಕದ ಹಳೇ ಮುಚ್ಚಿದ ಗಣಿಯೊಳಗೆ ತೂತು ಮಾಡಿಬಿಟ್ರು, ಅದರಲ್ಲಿ ತುಂಬಿದ್ದ ನೀರೆಲ್ಲ ಒಳಗೆ ನುಗ್ತು. ಅವರ ಕೈಲಿದ್ದ ಮ್ಯಾಪ್ ಪ್ರಕಾರ ಹಳೇ ಗಣಿ ಇನ್ನೂ ದೂರ ಇರ್ಬೇಕಿತ್ತು. ಒಂಬತ್ತು ಜನ ಸಿಕ್ಕಿಹಾಕೊಂಡ್ರು, 77 ಗಂಟೆ ಆದ್ಮೇಲೆ ಎಲ್ಲರನ್ನೂ ಜೀವಂತ ಮೇಲೆ ತಂದ್ರು. ಹತ್ತಿರದಲ್ಲೇ ಇದ್ದ ಕಾರ್ನೆಗಿ ಮೆಲನ್‌ನೋರು, ವಿಲಿಯಂ ವಿಟ್ಟೇಕರ್, ಸೆಬಾಸ್ಟಿಯನ್ ಥ್ರನ್ ಮತ್ತೆ ಸ್ಟೂಡೆಂಟ್ಸ್, ಮುಚ್ಚಿದ ಗಣಿಗಳೊಳಗೆ ಹೋಗಿ ಮ್ಯಾಪ್ ಮಾಡೋ ಗ್ರೌಂಡ್‌ಹಾಗ್ ಅನ್ನೋ ರೋಬೋಟ್ ಕಟ್ಟಿದ್ರು, 2003ರ ಮೇ 30ಕ್ಕೆ ಅದು ಮ್ಯಾಥೀಸ್ ಗಣಿಯೊಳಗೆ ಯಾರ ಕೈಯೂ ಇಲ್ಲದೆ ಹೋಯ್ತು. ಸುಮಾರು 300 ಮೀಟರ್ ಒಳಗೆ ಹೋದ್ಮೇಲೆ ಮೇಲಿನ ಆಧಾರದ ಕಂಬಿ ಮುರಿದು ದಾರಿಗೆ ಅಡ್ಡ ಬಿದ್ದಿತ್ತು, ರೋಬೋಟ್ ಇದನ್ನ ದಾಟೋಕಾಗಲ್ಲ ಅಂತ ತಾನೇ ತೀರ್ಮಾನ ಮಾಡಿ ಹಿಂದಕ್ಕೆ ಬರೋಕೆ ಹೊರಡ್ತು. ಪೂರ್ತಿ ಉದ್ದ ಹೋಗಲಿಲ್ಲ ಅಂತ ಅದನ್ನ ಸೋಲು ಅನ್ನೋರಿದಾರೆ, ನಾನು ಒಪ್ಪಲ್ಲ. ಮುಂದೆ ಹೋಗೋದು ಸರಿಯಲ್ಲ ಅಂತ ಗುರುತಿಸಿದ್ದೇ ಆ ದಿನದ ದೊಡ್ಡ ಫಲಿತಾಂಶ.

ಆಮೇಲಿನ ಬೆಳವಣಿಗೆ ಬೇಗ ಬೇಗ ಆಯ್ತು. ಆಸ್ಟ್ರೇಲಿಯಾ ಸರ್ಕಾರದ ರಿಸರ್ಚ್ ಸಂಸ್ಥೆ ಸಿಎಸ್‌ಐಆರ್‌ಒದಲ್ಲಿ ಝ್ಲಾಟ್ ಮತ್ತೆ ಬಾಸ್ ಗಾಡಿ ಮೇಲೆ ಲೇಸರ್ ಇಟ್ಟು ಗಣಿಯ ಸುರಂಗಗಳನ್ನ ಓಡಾಡಿ 17 ಕಿಲೋಮೀಟರ್ ಮ್ಯಾಪ್ ಮಾಡಿದ್ರು, ಅದು 2014ರಲ್ಲಿ ಪ್ರಕಟ ಆಯ್ತು. ಅಮೆರಿಕಾ ರಕ್ಷಣಾ ಇಲಾಖೆಯ ಡಾರ್ಪಾ ಸಂಸ್ಥೆ ನೆಲದಡಿ ರೋಬೋಟ್‌ಗಳಿಗೆ ಅಂತಲೇ ಒಂದು ಸ್ಪರ್ಧೆ ಇಟ್ಟಿತ್ತು, 2019ರ ಒಂದು ಸುತ್ತು ಪಿಟ್ಸ್‌ಬರ್ಗ್ ಹತ್ರದ ಪ್ರಯೋಗದ ಗಣಿಗಳಲ್ಲೇ ನಡೀತು, 2021ರ ಫೈನಲ್‌ನಲ್ಲಿ ಇಟಿಎಚ್ ಜ್ಯೂರಿಕ್ ಸೇರಿ ಹಲವು ಯೂನಿವರ್ಸಿಟಿಗಳ ಸರ್ಬರಸ್ ತಂಡ ಗೆಲ್ತು, ಸಿಎಸ್‌ಐಆರ್‌ಒ ತಂಡಕ್ಕೂ ಅಷ್ಟೇ ಅಂಕ ಬಂದು ಟೈ ಬ್ರೇಕ್‌ನಲ್ಲಿ ಎರಡನೇ ಜಾಗ. ಸ್ಪರ್ಧೆಗಳಿಂದ ಒಂದು ಲಾಭ ಏನಂದ್ರೆ ಮೊದಲೇ ನೋಡದ ಜಾಗದಲ್ಲಿ, ಒಂದೇ ಅವಕಾಶದಲ್ಲಿ ಕೆಲಸ ಮಾಡಿ ತೋರಿಸ್ಬೇಕು, ತನಗೆ ಅನುಕೂಲದ ವಿಡಿಯೋ ಆರಿಸೋಕೆ ಆಗಲ್ಲ.

ಅದಿರಿನ ಬಗ್ಗೆಯೂ ಎರಡು ಮಾತು. ಕಣ್ಣು ಅಂದ್ರೆ ಅಡ್ಡ ಬಂದಿದ್ದನ್ನ ನೋಡೋದಷ್ಟೇ ಅಲ್ಲ, ಯಾವುದು ಅದಿರು ಯಾವುದು ಬರೀ ಕಲ್ಲು ಅಂತಲೂ ನೋಡ್ಬೇಕು. 2007ರಲ್ಲಿ ಸಿಡ್ನಿ ಯೂನಿವರ್ಸಿಟಿಯಲ್ಲಿ ರಿಯೋ ಟಿಂಟೋ ಜೊತೆ ಸೇರಿ ಗಣಿ ಆಟೋಮೇಷನ್ ಸೆಂಟರ್ ಶುರುವಾಯ್ತು, ಅಲ್ಲಿ ನೂರಾರು ಬಣ್ಣದ ಪಟ್ಟಿಗಳನ್ನ ಅಳೆಯೋ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾಗಳನ್ನ ಗಣಿಯ ಗೋಡೆಗೆ ತಿರುಗಿಸಿ ಹೆಮಟೈಟ್, ಗೋಥೈಟ್ ಅನ್ನೋ ಕಬ್ಬಿಣದ ಖನಿಜ, ಶೇಲ್ ಅನ್ನೋ ಕಲ್ಲು ಬೇರೆ ಬೇರೆ ಮಾಡೋ ಕೆಲಸ ನಡೀತು. ಕಬ್ಬಿಣದ ಖನಿಜಗಳು 900 ನ್ಯಾನೋಮೀಟರ್ ಆಸುಪಾಸಲ್ಲಿ ಬೆಳಕು ಹೀರ್ಕೊಳ್ತವೆ, ಗೋಥೈಟ್‌ದು ಹೆಮಟೈಟ್‌ಗಿಂತ ಸ್ವಲ್ಪ ಉದ್ದದ ತರಂಗದ ಕಡೆ, ಜೇಡಿನ ಅಂಶ ಇದ್ರೆ 2200ರ ಹತ್ರ ಗುರುತು ಸಿಗತ್ತೆ. ಲ್ಯಾಬ್‌ನಲ್ಲಿ ಚೆನ್ನಾಗಿ ಬರತ್ತೆ. ಗಣಿಯಲ್ಲಿ ಬಿಸಿಲು ಓರೆ ಬಿದ್ದು ಅರ್ಧ ಗೋಡೆ ನೆರಳಾದ್ರೆ ಅದೇ ಕಲ್ಲು ಬೇರೆ ಕಲ್ಲಿನ ಹಾಗೆ ಕಾಣತ್ತೆ, ಒದ್ದೆ ಆದ್ರೂ ಹಾಗೇ. ಹಾಗಾಗಿ ನೆರಳಲ್ಲಿರೋ ಕಡೆ ಎಷ್ಟು ನಂಬ್ಬೇಕು ಅನ್ನೋದೇ ಮತ್ತೆ ಪ್ರಶ್ನೆ.

ಮೆಷಿನ್ ಲರ್ನಿಂಗ್ ಬಂದ್ಮೇಲೆ ಇದೆಲ್ಲ ಹಳೇದಾಯ್ತಲ್ವಾ ಅಂತ ಕೆಲವರು ಕೇಳಿದ್ರು. ಸಹಾಯ ತುಂಬಾ ಆಗಿದೆ, ಧೂಳಿನ ಚುಕ್ಕೆ ಕಲ್ಲಿನ ಚುಕ್ಕೆ ಬೇರೆ ಮಾಡೋದು, ಬ್ಲಾಸ್ಟ್ ಆದ ರಾಶಿಯಲ್ಲಿ ಕಲ್ಲಿನ ಸೈಜ್ ಅಂದಾಜು ಮಾಡೋದು, ಇವೆಲ್ಲ ಈಗ ಅದರಿಂದಲೇ. ಆದ್ರೆ ಅದಕ್ಕೆ ಡೇಟಾ ಬೇಕು, ಸಿಟಿ ರಸ್ತೆಯ ಡೇಟಾ ಎಷ್ಟು ಬೇಕಾದ್ರೂ ಸಿಗತ್ತೆ, ಗಣಿಯದ್ದು ಕಂಪನಿಗಳ ಒಳಗೇ ಉಳ್ಕೊಳತ್ತೆ. ಚಿಲಿ ಯೂನಿವರ್ಸಿಟಿ ಮತ್ತೆ ಜರ್ಮನಿಯ ಜೊತೆಗಾರರು ಎಲ್ ಟೆನಿಯೆಂಟೆ ಗಣಿಯ ಒಳಗಿನ ಲೇಸರ್, ರೇಡಾರ್, ಕ್ಯಾಮೆರಾ ಡೇಟಾವನ್ನ 2017ರಲ್ಲಿ ಹೊರಗೆ ಕೊಟ್ರು, ಇಂಥದ್ದು ಬೆರಳೆಣಿಕೆಯಷ್ಟು. ಇನ್ನೊಂದು, ಪೇಪರ್‌ಗಳಲ್ಲಿ ಒಟ್ಟಾರೆ ಆಕ್ಯುರಸಿ ಅಂತ ಒಂದೇ ನಂಬರ್ ಕೊಡ್ತಾರೆ. ಹತ್ತು ಗಂಟೆ ರೆಕಾರ್ಡಿಂಗ್‌ನಲ್ಲಿ ದಟ್ಟ ಧೂಳು ಇರೋದು ಐದು ನಿಮಿಷ ಅಂದ್ರೆ ಆ ಐದು ನಿಮಿಷದಲ್ಲಿ ಪೂರ್ತಿ ಕುರುಡಾದ್ರೂ, ಉಳಿದ ಹೊತ್ತೆಲ್ಲ ಸರಿ ಇದ್ರೆ ಆ ನಂಬರ್ 99ಕ್ಕಿಂತ ಕೆಳಗೆ ಬರಲ್ಲ. ನಮಗೆ ಬೇಕಾಗಿರೋದೇ ಆ ಐದು ನಿಮಿಷ. ಧೂಳು ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು, ಗೊತ್ತಿಲ್ಲ ಅಂತ ಎಷ್ಟು ಸಲ ಹೇಳ್ತು, ಹಾಗೆ ಹೇಳಿದ್ದರಲ್ಲಿ ಎಷ್ಟು ಸಲ ಸರಿ ಅಂತ ಬೇರೆ ಬೇರೆ ಕೊಡ್ದಿದ್ರೆ ಆ ಪೇಪರ್‌ನ ಗಣಿ ಇಂಜಿನಿಯರ್ ಉಪಯೋಗಿಸೋಕೆ ಆಗಲ್ಲ. ಈ ಥರ ಬರೆಯೋದನ್ನ ನಮ್ಮ ಫೀಲ್ಡ್ ಕಡ್ಡಾಯ ಮಾಡ್ಬೇಕು ಅಂತ ನಾನು ಎಲ್ಲಿ ಹೋದ್ರೂ ಹೇಳ್ತೀನಿ.

ಕ್ಯಾಲಿಬ್ರೇಷನ್ ಬಗ್ಗೆ, ಅಂದ್ರೆ ಸೆನ್ಸರ್ ಯಾವ ಕಡೆ ಮುಖ ಮಾಡಿದೆ ಅಂತ ಅಳೆದು ಸರಿ ಇಡೋದರ ಬಗ್ಗೆ, ಯಾರೂ ಕೇಳಲ್ಲ, ಆದ್ರೂ ಹೇಳ್ತೀನಿ: ಸೆನ್ಸರ್ ಕೂರಿಸಿದ ಬ್ರಾಕೆಟ್ ವೈಬ್ರೇಷನ್‌ಗೆ ಅರ್ಧ ಡಿಗ್ರಿ ತಿರುಗಿದ್ರೆ 100 ಮೀಟರ್ ದೂರದ ವಸ್ತು 87 ಸೆಂಟಿಮೀಟರ್ ಪಕ್ಕಕ್ಕೆ ಸರೀತು. ಲೇನ್ ಒಳಗಿರೋ ಕಲ್ಲು ಲೇನ್ ಹೊರಗೆ ಕಾಣೋಕೆ ಅಷ್ಟು ಸಾಕು.

ಕೊನೆಗೆ ಪ್ರಶ್ನೋತ್ತರದಲ್ಲಿ ಬಂದಿದ್ದು ಎರಡು ಹೇಳಿ ನಿಲ್ಲಿಸ್ತೀನಿ. ಒಬ್ಬರು ಕೇಳಿದ್ರು, ಸೆನ್ಸರ್ ಪರ್ಫೆಕ್ಟ್ ಆದ್ರೆ ಆಕ್ಸಿಡೆಂಟ್ ನಿಲ್ಲತ್ತಾ ಸರ್ ಅಂತ. ನಿಲ್ಲಲ್ಲ. 2014ರ ಆಗಸ್ಟ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಒಂದು ಗಣಿಯಲ್ಲಿ ಡ್ರೈವರ್ ಇಲ್ಲದ ಟ್ರಕ್ಕಿಗೂ ಮನುಷ್ಯರು ಓಡಿಸ್ತಿದ್ದ ನೀರಿನ ಟ್ಯಾಂಕರ್‌ಗೂ ಡಿಕ್ಕಿ ಆಯ್ತು. ಟ್ರಕ್ಕಿಗೆ ಟ್ಯಾಂಕರ್ ಕಾಣಿಸಿತ್ತು, ಆದ್ರೆ ಆ ಹೊತ್ತಿಗೆ ದೂರ ಸಾಕಾಗಲಿಲ್ಲ, ಟ್ಯಾಂಕರ್ ಓಡಿಸ್ತಿದ್ದೋರಿಗೆ ಟ್ರಕ್ ಯಾವ ಕಡೆ ತಿರುಗತ್ತೆ ಅಂತ ಗೊತ್ತಿರಲಿಲ್ಲ. ಮೆಷಿನ್ ಮನುಷ್ಯರನ್ನ ನೋಡೋದು ಎಷ್ಟು ಮುಖ್ಯವೋ ಮೆಷಿನ್ ಮುಂದೆ ಏನು ಮಾಡತ್ತೆ ಅಂತ ಮನುಷ್ಯರಿಗೆ ಕಾಣೋದೂ ಅಷ್ಟೇ ಮುಖ್ಯ. ಸ್ವಯಂಚಾಲಿತ ಗಣಿ ಯಂತ್ರಗಳ ಸುರಕ್ಷತೆಗೆ ಐಎಸ್‌ಒ 17757 ಅನ್ನೋ ಮಾನದಂಡ ಇದೆ, ಸ್ಟೂಡೆಂಟ್ಸ್ ಅಲ್ಗಾರಿದಮ್ ಓದೋದರ ಜೊತೆಗೆ ಇದನ್ನೂ ಓದಿ.

ಇನ್ನೊಬ್ಬ ಹುಡುಗಿ ಕೇಳಿದ್ಲು, ನಮ್ಮ ಹತ್ರ ಟ್ರಕ್ ಇಲ್ಲ, ಗಣಿ ಇಲ್ಲ, ದುಡ್ಡೂ ಇಲ್ಲ, ಎಲ್ಲಿಂದ ಶುರು ಮಾಡೋದು? ಮರೂಲನ್ ಡೇಟಾದಿಂದ ಶುರು ಮಾಡಮ್ಮ ಅಂದೆ. ಒಂದೇ ದಿಕ್ಕಿಗೆ ಲೇಸರ್ ಹೇಳೋ ದೂರ ಒಂದು ಗೆರೆ, ರೇಡಾರ್ ಹೇಳೋ ದೂರ ಇನ್ನೊಂದು ಗೆರೆ, ಟೈಮ್ ಪ್ರಕಾರ ಒಂದರ ಮೇಲೊಂದು ಪ್ಲಾಟ್ ಮಾಡು, ಎಲ್ಲಿ ಎರಡೂ ಬೇರೆ ಆಗತ್ತೆ ಅಂತ ಗುರುತು ಹಾಕು, ಆಮೇಲೆ ಅದೇ ಸಮಯದ ಕ್ಯಾಮೆರಾ ಚಿತ್ರ ತೆಗೆದು ಅಲ್ಲಿ ನಿಜವಾಗ್ಲೂ ಧೂಳಿತ್ತಾ ಇಲ್ವಾ ಅಂತ ಒಂದೊಂದಾಗಿ ನೋಡು. ಧೂಳಿಲ್ಲದೆಯೂ ಜಗಳ ಆಡಿರೋ ಜಾಗಗಳು ಒಂದಷ್ಟು ಸಿಗ್ತವೆ, ಅವು ಯಾಕೆ ಹಾಗೆ ಅಂತ ಹುಡುಕೋದು ಒಂದು ಸೆಮಿಸ್ಟರ್‌ಗೆ ಸಾಕಾಗೋಷ್ಟು ಕೆಲಸ.